ಸಾವ್ಕಾರನ ಶ್ರಾವಣ

ಗ್ಲೂಕೋಮೀಟರಿನ ಪುಟ್ಟ ಪರದೆಯ ಮೇಲೆ ಅಂಕಿ ಮೂಡುವುದಕ್ಕೆ ಐದು ಸೆಕೆಂಡು ಬೇಕು. ಆ ಐದು ಸೆಕೆಂಡಿನಲ್ಲಿ ನಾನು ಚಂದ್ರಗುತ್ತಿ ಅಮ್ಮನಿಂದ ಹಿಡಿದು ಊರ ಹನುಮಪ್ಪನವರೆಗೆ ಎಲ್ಲರನ್ನೂ ಕರೆದುಬಿಡುತ್ತಿದ್ದೆ. ಅಷ್ಟು ಅವಸರದಲ್ಲಿ ಕರೆದರೆ ಯಾವ ದೇವರು ತಾನೇ ಬಂದಾನು? ಶ್ರಾವಣದ ಮೂರನೇ ಮಂಗಳವಾರ ಬೆಳಗ್ಗೆ ಮೂಡಿದ ಅಂಕಿ ಮುನ್ನೂರ ಎಂಬತ್ತು.

ತೊಡೆಯ ಮೇಲಿದ್ದ ಬೆಕ್ಕು ಕಿವಿ ಕೊಡವಿತು. ಕಿವಿಯಂಚಿನಲ್ಲಿ ನಾನು ಚುಚ್ಚಿದ ಕಡೆ ರಕ್ತದ ಒಂದು ಚುಕ್ಕೆ ಇನ್ನೂ ಇತ್ತು. ಅದನ್ನು ಹತ್ತಿಯಿಂದ ಒತ್ತಿ ಹಿಡಿದು, "ಯಾಕೋ ಹಿಂಗ್ ಮಾಡ್ತೀಯ? ನಾನು ಇನ್ನೇನು ಮಾಡ್ಲೋ?" ಎಂದು ಬೆಕ್ಕನ್ನೇ ಕೇಳಿದೆ.

"ಎಷ್ಟು ಬಂತು?" ಅಡುಗೆಮನೆಯ ಬಾಗಿಲಿಂದ ಅತ್ತೆಯ ದನಿ.

"ಸ್ವಲ್ಪ ಜಾಸ್ತಿ ಐತಿ."

"ನಿನ್ ಸ್ವಲ್ಪ ನಂಗೆ ಗೊತ್ತೈತಿ ಬಿಡು."

ಬೆಕ್ಕಿನ ಹೆಸರು ಸಾವ್ಕಾರ. ಅಂಜನಾಪುರದ ನನ್ನ ತವರಿನಿಂದ ಅಂಗೈಯಷ್ಟಿದ್ದಾಗ ಬಂದವನು, ಒಂಬತ್ತು ವರ್ಷದಲ್ಲಿ ಕೂತ ಜಾಗದಿಂದ ಏಳದಷ್ಟು ದಪ್ಪಗಾಗಿ ಆ ಹೆಸರು ಗಳಿಸಿಕೊಂಡ. ಕೊನೆಗೆ ಕಾಯಿಲೆಯೂ ಸಾವ್ಕಾರರದ್ದೇ ಬಂತು. ಆಷಾಢದ ಆರಂಭದಲ್ಲಿ ಬಾನಿಯ ನೀರೆಲ್ಲ ಕುಡಿದು, ಮನೆ ತುಂಬ ಉಚ್ಚೆ ಮಾಡಿ, ದಿನದಿನಕ್ಕೆ ಬೆನ್ನುಮೂಳೆ ಕಾಣುವಂತೆ ಕರಗಿದಾಗ ಅವನನ್ನು ಶಿಕಾರಿಪುರಕ್ಕೆ ಒಯ್ದೆ. ಅಲ್ಲಿ ಡಾಕ್ಟರ್ ಶ್ರೀರಂಜಿನಿ ಎಂಬ ಹುಡುಗಿ ನಾಯಿ ಬೆಕ್ಕುಗಳಿಗೆಂದೇ ಒಂದು ಕ್ಲಿನಿಕ್ ಇಟ್ಟಿದ್ದಾರೆ. ರಕ್ತ ನೋಡಿ, "ಶುಗರ್ ಬಂದಿದೆ ಇವನಿಗೆ" ಎಂದರು. ನನಗೆ ನಗು ಬಂತು, ಆಮೇಲೆ ಅಳು ಬಂತು.

ನಗು ಯಾಕೆಂದರೆ, ನಾನು ಹೊಸಬಾಳೆಯ ಆಶಾ ಕಾರ್ಯಕರ್ತೆ. ಹೆಸರು ಚೈತ್ರ. ಮನೆಮನೆಗೆ ಹೋಗಿ ಬಿಪಿ, ಶುಗರ್ ಇದ್ದವರ ಪಟ್ಟಿ ಮಾಡುವುದು, ಮಾತ್ರೆ ನುಂಗಿದರಾ ಎಂದು ಕೇಳುವುದು, ಬಾಯಿಗೆ ಬಂದಂತೆ ಬೈಯುವುದು ನನ್ನ ಕೆಲಸ. ಬೈಯುವುದು ಕೆಲಸದಲ್ಲಿ ಬರೆದಿಲ್ಲ, ನಾನೇ ಸೇರಿಸಿಕೊಂಡದ್ದು. ಏನು ತಿಂದಿರಿ ಎಂದರೆ ನಮ್ಮ ಊರಿನವರು ಹೇಳುವ ಸುಳ್ಳು ನೋಡಬೇಕು. "ಸಕ್ಕರೆ ಮುಟ್ಟೋದಿಲ್ಲ ಕಣಮ್ಮ, ಬೆಲ್ಲ ಅಷ್ಟೇ." "ಅನ್ನ ಬಿಟ್ಟೀನಿ ಕಣೇ, ಬರೀ ಗಂಜಿ." ಅನ್ನಕ್ಕೆ ನೀರು ಸೇರಿಸಿದರೆ ಶುಗರ್ ಓಡಿಹೋಗುತ್ತದೆ ಎಂದುಕೊಂಡ ಮಹಾನುಭಾವರು. ಅವರ ಎದುರು ನಿಂತು, "ಡಾಕ್ಟರಿಗೆ ಸುಳ್ಳು ಹೇಳಿದ್ರೆ ಔಷಧಿನೂ ನಿಮಗೆ ಸುಳ್ಳು ಹೇಳ್ತದೆ" ಎಂದು ದೊಡ್ಡ ಗಂಟಲಲ್ಲಿ ಹೇಳಿದವಳು ನಾನು.

ಅಳು ಬಂದದ್ದು ಅತ್ತೆಯನ್ನು ನೆನೆದು.

ನನ್ನ ಅತ್ತೆ ಗುಡ್ಡಮ್ಮನಿಗೆ ಹನ್ನೊಂದು ವರ್ಷದಿಂದ ಶುಗರ್. ಬಲಗಾಲಿನ ಕಿರುಬೆರಳಲ್ಲಿ ಒಂದು ಹುಣ್ಣು, ವಾಸಿಯಾಗುವ ಮಾತೇ ಇಲ್ಲ. ಮಾತ್ರೆ ಸಾಲದು, ಇನ್ಸುಲಿನ್ ಶುರು ಮಾಡಲೇಬೇಕು ಎಂದು ಸೊರಬದ ಡಾಕ್ಟರು ಹೇಳಿ ಹೇಳಿ ಸೋತಿದ್ದರು. ಅತ್ತೆಯದು ಒಂದೇ ಮಾತು: "ಸೂಜಿ ಹಿಡಿದೋರು ಉಳಿಯಾದಿಲ್ಲ." ಮಾವ ಸಣ್ಣಪ್ಪನವರು ಹೋದದ್ದು ಹಾಗೆ. ಕಾಲು ಮೊಣಕಾಲಿನವರೆಗೆ ಕೊಳೆತ ಮೇಲೆ ಆಸ್ಪತ್ರೆಗೆ ಸೇರಿಸಿದ್ದರು, ಸೂಜಿ ಚುಚ್ಚಿದ ಎಂಟನೇ ದಿನ ಹೆಣವಾಗಿ ಬಂದರು. ಅವರನ್ನು ಕೊಂದದ್ದು ತಡ ಮಾಡಿದ್ದು, ಸೂಜಿ ಅಲ್ಲ ಎಂದು ನಾನು ಹತ್ತು ವರ್ಷದಿಂದ ಹೇಳುತ್ತಿದ್ದೇನೆ. ಊರೆಲ್ಲ ನನ್ನ ಮಾತು ಕೇಳುತ್ತದೆ, ಅತ್ತೆ ಕೇಳುವುದಿಲ್ಲ.

ಅತ್ತೆ ಸೊಸೆ ಎಂದರೆ ಎಣ್ಣೆ ಸೀಗೆಕಾಯಿ ಅನ್ನುತ್ತಾರೆ. ನಮ್ಮಲ್ಲೂ ಜಗಳ ಇಲ್ಲದ ದಿನ ಇಲ್ಲ. ಆದರೆ ಸೊಸೆ ಮನೆಮನೆ ಸುತ್ತುವ ಕೆಲಸಕ್ಕೆ ಹೋಗುವುದು ಬೇಡ ಎಂದು ನನ್ನ ಗಂಡ ನಾಗೇಶ್ ಮುಖ ಊದಿಸಿಕೊಂಡು ಕೂತಾಗ, "ಹೋಗ್ಲಿ ಬಿಡೋ, ನಾಕು ಜನಕ್ಕೆ ಒಳ್ಳೇದಾಗ್ತದೆ" ಎಂದು ನನ್ನ ಕೈಗೆ ಕೊಡೆ ಕೊಟ್ಟು ಕಳಿಸಿದವರು ಇದೇ ಅತ್ತೆ. ಅವರ ಕಾಲು ಕೊಳೆಯುವುದನ್ನು ನೋಡುತ್ತ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

ಬೆಕ್ಕಿಗೂ ಇನ್ಸುಲಿನ್ ಎಂದು ತಿಳಿದ ದಿನ ಅತ್ತೆ ಒಂದು ಮಾತು ಹೇಳಿದರು.

"ಮೊದ್ಲು ಅದಕ್ಕೆ ಚುಚ್ಚು. ಗಣಪತಿ ಹಬ್ಬ ದಾಟ್ಲಿ ಅದು. ದಾಟಿದ್ರೆ ನಾನೂ ಚುಚ್ಚಿಸ್ಕೊತೀನಿ."

"ಆಣೆ ಮಾಡಿ."

"ಗುಡ್ಡಮ್ಮ ಆಡಿದ ಮಾತು ತಪ್ಪಿದ್ದು ಯಾವತ್ತೇ?"

ಹಾಗಾಗಿ ಸಾವ್ಕಾರ ಬದುಕಬೇಕಿತ್ತು. ಅವನೊಬ್ಬನಿಗಾಗಿ ಅಲ್ಲ.

ಡಾಕ್ಟರ್ ಶ್ರೀರಂಜಿನಿ ಊಟದ ಕ್ರಮವನ್ನು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದ್ದರು. ಅನ್ನ ಬೇಡ, ಹಾಲು ಬೇಡ. ಮೀನು, ಕೋಳಿ, ಬೇಯಿಸಿದ ಮೊಟ್ಟೆ. ಬೆಳಗ್ಗೆ ಏಳಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ. ಮೊದಲು ಊಟ, ಅದು ತಿಂದದ್ದು ಖಾತ್ರಿಯಾದ ಮೇಲೆ ಸೂಜಿ. "ಊಟ ಮತ್ತು ಸೂಜಿ ಜೋಡೆತ್ತು ಇದ್ದಂಗೆ ಚೈತ್ರಾ ಅವ್ರೇ. ಒಂದು ನಿಂತು ಒಂದು ಓಡಿದ್ರೆ ಗಾಡಿ ಮಗುಚುತ್ತೆ" ಎಂದಿದ್ದರು. ಆಷಾಢವಿಡೀ ಹಾಗೇ ನಡೆಸಿದೆ. ಅಂಜನಾಪುರದಿಂದ ನನ್ನ ಅಣ್ಣ ಡ್ಯಾಮಿನ ಮೀನನ್ನು ಬಸ್ಸಿನಲ್ಲಿ ಕೊಟ್ಟು ಕಳಿಸುತ್ತಿದ್ದ. ಒಂದೇ ಒಂದು ಯೂನಿಟ್ಟಿಗೆ ಅಂಕಿ ನೂರ ಅರವತ್ತು, ನೂರ ಐವತ್ತಕ್ಕೆ ಇಳಿಯಿತು. ಸಾವ್ಕಾರ ಮತ್ತೆ ಗೋಡೆ ಹತ್ತಿದ. ಅತ್ತೆ ದಿನಾ ಸಂಜೆ, ಕೇಳಿಯೂ ಕೇಳದವರ ಹಾಗೆ, "ಎಷ್ಟು ಬಂತು?" ಎನ್ನುತ್ತಿದ್ದರು. ನನಗೆ ಆಗ ಗೆದ್ದೆ ಅನ್ನಿಸಿತ್ತು.

ಆಮೇಲೆ ಶ್ರಾವಣ ಬಂತು.

ನಮ್ಮ ಮನೆಯಲ್ಲಿ ಶ್ರಾವಣದ ಮೊದಲ ದಿನದಿಂದ ಗಣಪತಿ ಹಬ್ಬ ಮುಗಿಯುವವರೆಗೆ ಮಾಂಸ, ಮೀನು, ಮೊಟ್ಟೆ ಒಳಗೆ ಬರುವುದಿಲ್ಲ. ಕೋಳಿ ಬೇಯಿಸುವ ಪಾತ್ರೆಯನ್ನೇ ಬೂದಿ ಹಾಕಿ ತೊಳೆದು ಅಟ್ಟಕ್ಕೆ ಏರಿಸುತ್ತೇವೆ. ಇದು ಅತ್ತೆಯ ಹಟ ಎಂದು ನಾನು ಕೈತೊಳೆದುಕೊಳ್ಳಲಾರೆ. ಪಾತ್ರೆ ಅಟ್ಟಕ್ಕೆ ಏರಿಸಿದವಳು ನಾನೇ. ಆ ವರ್ಷ ಇನ್ನೂ ಬಿಗಿಯಾಗಿ ಹಿಡಿದೆ. ಅತ್ತೆಯ ಕಾಲು ಉಳಿಯಲಿ, ಬೆಕ್ಕು ಉಳಿಯಲಿ, ಶ್ರಾವಣವನ್ನು ಒಂದು ಎಳೆ ತಪ್ಪದೆ ಮಾಡುತ್ತೇನೆ ಎಂದು ಚಂದ್ರಗುತ್ತಿ ಅಮ್ಮನಿಗೆ ಹರಕೆ ಹೊತ್ತಿದ್ದೆ. ಮೀನು ಕಳಿಸಬೇಡ ಎಂದು ಅಣ್ಣನಿಗೆ ನಾನೇ ಫೋನು ಮಾಡಿದೆ.

ಸಾವ್ಕಾರನಿಗೆ ಹಾಲು ಅನ್ನ. ಒಂದು ತಿಂಗಳು ತಾನೇ ಎಂದುಕೊಂಡೆ. ಸಕ್ಕರೆ ಹಾಕಿಲ್ಲವಲ್ಲ, ಅದೂ ಅಳತೆ ಮಾಡಿ, ಮೊದಲಿಗಿಂತ ಅರ್ಧ ಕೊಡುತ್ತಿದ್ದೇನಲ್ಲ ಎಂದುಕೊಂಡೆ. ಊರವರು ನನಗೆ ಹೇಳಿದ ಒಂದೊಂದು ಸುಳ್ಳನ್ನೂ ನಾನು ನನಗೇ ಹೇಳಿಕೊಂಡೆ, ಅದು ಸುಳ್ಳು ಎಂದು ಹೊಳೆಯಲೇ ಇಲ್ಲ.

ಮೊದಲ ವಾರಕ್ಕೇ ಅಂಕಿ ಇನ್ನೂರ ಎಂಬತ್ತು. ಪ್ರತಿ ಮಂಗಳವಾರ ಎರಡು ತರಕಾರಿ ಬುಟ್ಟಿಯನ್ನು ಒಂದರ ಮೇಲೊಂದು ಕವುಚಿ, ಹಗ್ಗ ಕಟ್ಟಿ, ಒಳಗೆ ಸಾವ್ಕಾರನನ್ನು ಕೂರಿಸಿಕೊಂಡು ಸೊರಬ, ಶಿರಾಳಕೊಪ್ಪ, ಶಿಕಾರಿಪುರ ಎಂದು ಬಸ್ಸು ಹತ್ತುತ್ತಿದ್ದೆ. ದಾರಿಯುದ್ದಕ್ಕೂ ಅವನು ಕೂಗುತ್ತಿದ್ದ, ಪಕ್ಕದವರು ಕಾಲು ಮುದುಡಿಕೊಳ್ಳುತ್ತಿದ್ದರು. ಡಾಕ್ಟರು ನಾನು ಅಂಕಿ ಬರೆದ ಚೀಟಿ ನೋಡಿ ಹುಬ್ಬು ಗಂಟಿಕ್ಕುತ್ತಿದ್ದರು.

"ಊಟ ಬದಲಾಗಿದ್ಯಾ?"

"ಇಲ್ಲ ಮೇಡಂ. ಹೊತ್ತಿಗೆ ಸರಿಯಾಗಿ, ಅಳತೆ ಹಾಕೇ ಕೊಡ್ತೀನಿ."

ಒಂದು ಯೂನಿಟ್ಟು ಎರಡಾಯಿತು. ಮುಂದಿನ ವಾರ ಮೂರು. ಮುನ್ನೂರ ಎಂಬತ್ತು ಬಂದ ಆ ಮೂರನೇ ಮಂಗಳವಾರ ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿ, "ನಿಜವಾಗಿ ಹೇಳಿ, ಹಾಲು, ಅನ್ನ ಏನಾದ್ರೂ ಸಿಗ್ತಾ ಇದ್ಯಾ ಇವನಿಗೆ?" ಎಂದರು. ಶ್ರಾವಣ ಮೇಡಂ ಎಂಬ ಮಾತು ನಾಲಿಗೆ ತುದಿಗೆ ಬಂತು. ಆಶಾ ಕೆಲಸ ಮಾಡುವವಳು, ಊರಿಗೆಲ್ಲ ಬುದ್ಧಿ ಹೇಳುವವಳು, ಹೇಳೋದು ಆಚಾರ ತಿನ್ನೋದು ಬದನೆಕಾಯಿ ಅಂದುಕೊಂಡಾರು ಎಂದು ನಾಚಿಕೆಯಾಯಿತು. ನುಂಗಿಕೊಂಡೆ.

"ಇಲ್ಲ ಮೇಡಂ."

ನಾಲ್ಕು ಯೂನಿಟ್ಟು ಎಂದು ಬರೆದುಕೊಟ್ಟು, ಮೂರು ವಾರ ಬಿಟ್ಟು ಬನ್ನಿ ಎಂದರು.

ಅದೇ ವಾರ ಅತ್ತೆಯ ಕಿರುಬೆರಳು ಕಪ್ಪಾಯಿತು. ಸೊರಬಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಕಾಲು ಮುಟ್ಟಿ ನೋಡಿ ಸೀದಾ ಹೇಳಿದರು, "ಬೆರಳು ಹೋಗ್ಲೇಬೇಕು. ಶುಗರ್ ಹಿಂಗೇ ಇದ್ರೆ ಕೊಯ್ದ ಜಾಗ ಕೂಡೋದಿಲ್ಲ, ಇವತ್ತಿಂದಲೇ ಇನ್ಸುಲಿನ್ ಬೇಕು." ಅತ್ತೆ, "ಗಣಪತಿ ಹಬ್ಬ ಕಳೀಲಿ" ಎಂದರು. ನಾನು ಅತ್ತುಬಿಟ್ಟೆ, ಡಾಕ್ಟರು ಅಳುವುದೊಂದು ಬಾಕಿ. ಕೊನೆಗೆ ಅವರೇ ಬಗ್ಗಿ, "ಹಬ್ಬ ಶನಿವಾರ, ಭಾನುವಾರ ಬಿಟ್ಟು ಸೋಮವಾರ. ಅವತ್ತು ಬರಲಿಲ್ಲ ಅಂದ್ರೆ ಆಮೇಲೆ ಬೆರಳಲ್ಲ, ಪಾದ" ಎಂದರು.

ಮನೆಗೆ ಬಂದವಳೇ ಡಬ್ಬಿ ಡಬ್ಬಿ ತೆಗೆದೆ. ಸಕ್ಕರೆ, ಬೆಲ್ಲದ ಅಚ್ಚು, ಜೇನುತುಪ್ಪದ ಬಾಟಲಿ, ಉತ್ತುತ್ತೆ ಪೊಟ್ಟಣ, ಎಲ್ಲ ಚೀಲಕ್ಕೆ ತುಂಬಿ ಪಕ್ಕದ ಮನೆ ದುರುಗಮ್ಮನಿಗೆ ಕೊಟ್ಟೆ. ನಮ್ಮ ಚಹಾಕ್ಕೂ ಸಕ್ಕರೆ ನಿಂತಿತು. ಹಬ್ಬಕ್ಕೆ ಸಿಹಿ ಕಡುಬಿಲ್ಲ, ಖಾರದ ಕಡುಬು ಎಂದೆ.

"ಗಣಪತಿಗೆ ಖಾರದ ಕಡುಬು ಎಡೆ ಇಡ್ತೀಯೇನೇ? ಅವನಿಗೂ ಶುಗರ್ ಬಂದೈತಾ?" ಎಂದು ಅತ್ತೆ ಕೂಗಾಡಿದರು.

"ಅವನ ಹೊಟ್ಟೆ ನೋಡಿದ್ರೆ ಬಂದೇ ಇರ್ಬೇಕು" ಎಂದೆ. ನಾಗೇಶ್ ನಕ್ಕ. ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಶನಿವಾರ ಹಬ್ಬ ಮುಗಿಯಿತು. ಸಾವ್ಕಾರ ಬಡಕಲಾಗಿದ್ದ, ಕೂದಲು ಮಂಕಾಗಿತ್ತು, ಆದರೆ ಉಸಿರಾಡುತ್ತಿದ್ದ. ಹಬ್ಬ ದಾಟಿದ್ದ. ಅತ್ತೆ ಮಾತಿಗೆ ತಪ್ಪುವವರಲ್ಲ. ಭಾನುವಾರ ಒಂದು ದಿನ ಕಳೆದರೆ ಸೋಮವಾರ ಸೊರಬ. ಆ ರಾತ್ರಿ ತಿಂಗಳ ಮೇಲೆ ನಾನು ನೆಟ್ಟಗೆ ನಿದ್ದೆ ಮಾಡಿದೆ.

ಭಾನುವಾರ ಬೆಳಗ್ಗೆ ಅಟ್ಟದಿಂದ ಪಾತ್ರೆ ಇಳಿಯಿತು. ಗೂಡ್ಸ್ ಆಟೋ ಬಾಡಿಗೆಗೆ ಹೋಗುವ ಮೊದಲು ನಾಗೇಶ್ ಕೋಳಿ ತಂದು, ಕೊಯ್ದು, ತೊಳೆದಿಟ್ಟ. ಉಪ್ಪು ಖಾರ ಹಾಕದೆ ಮೊದಲ ಪಾಲು ಸಾವ್ಕಾರನಿಗೇ ಬೇಯಿಸಿದೆ. ಅವನ ಕಿವಿಗೆ ಚುಚ್ಚಿ ನೋಡಿದರೆ ಇನ್ನೂರ ತೊಂಬತ್ತು, ಹಿಂದಿನ ರಾತ್ರಿಯ ಹಾಲು ಅನ್ನದ್ದು. ಐದು ವಾರದಿಂದ ಕಾಣದ ಕೋಳಿಯನ್ನು ಕಂಡು ಅವನು ಗುರ್ ಎನ್ನುತ್ತ, ತಲೆ ಎತ್ತದೆ ತಿಂದ. ನೋಡಿ ನನ್ನ ಹೊಟ್ಟೆ ತುಂಬಿತು. ಅತ್ತೆಯೂ ಬಾಗಿಲಿಗೆ ಒರಗಿ ನೋಡುತ್ತಿದ್ದರು. "ತಿನ್ನು ಮಾರಾಯ. ನಿನ್ ದೆಸೆಯಿಂದ ನಂಗೂ ನಾಳೆ ಸೂಜಿ" ಎಂದರು. ಮೊದಲು ಊಟ, ಆಮೇಲೆ ಸೂಜಿ. ಬೆನ್ನ ಚರ್ಮ ಎತ್ತಿ ಹಿಡಿದು ನಾಲ್ಕು ಯೂನಿಟ್ಟು ಚುಚ್ಚಿದೆ. ಎಲ್ಲ ಸರಿಯಾಗಿ, ಹೊತ್ತಿಗೆ ಸರಿಯಾಗಿ ಮಾಡಿದೆ.

ಹತ್ತು ಗಂಟೆಗೆ ಫೋನು. ಕೆಳಕೇರಿಯ ಸ್ಪಂದನಳಿಗೆ ನಸುಕಿನಿಂದಲೇ ನೋವು ಶುರುವಾಗಿತ್ತಂತೆ, ಚೊಚ್ಚಲು. ಚೀಲ ಹೆಗಲಿಗೆ ಹಾಕಿಕೊಂಡು ಓಡಿದೆ. ಆಂಬುಲೆನ್ಸ್ ಕರೆಸಿ ಅವಳ ಜೊತೆಗೇ ಸೊರಬದ ಆಸ್ಪತ್ರೆಗೆ ಹೋದೆ. ಹನ್ನೆರಡೂವರೆಗೆ ಹೆಣ್ಣು ಕೂಸು. ಕೂಸಿನ ತೂಕ ನೋಡುತ್ತಿದ್ದಾಗ ಅತ್ತೆಯ ಫೋನು ಬಂತು. ಅತ್ತೆ ತಾವಾಗಿ ಫೋನು ಮಾಡುವವರಲ್ಲ.

"ಚೈತ್ರಾ, ಸಾವ್ಕಾರ ಯಾಕೋ ಕುಡಿದೋರಂಗೆ ನಡೀತಾ ಇದ್ದ. ಈಗ ಮಲಗ್ಯಾನೆ. ಎಬ್ಬಿಸಿದ್ರೆ ಏಳ್ತಾ ಇಲ್ಲ."

ಚೀಲವನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ. ಎದುರಿಗೆ ಬಂದ ಬೈಕಿಗೆ ಕೈ ಅಡ್ಡ ಹಾಕಿದೆ. ಯಾರ ಬೈಕು ಎಂದೂ ನೋಡಲಿಲ್ಲ.

ಅತ್ತೆ ಹೊಸಿಲ ಬಳಿ ಕುಳಿತಿದ್ದರು, ಕಪ್ಪು ಬೆರಳಿನ ಕಾಲು ಚಾಚಿಕೊಂಡು. ತೊಡೆಯ ಮೇಲೆ ಸಾವ್ಕಾರ ಹಿಂಡಿದ ಬಟ್ಟೆಯಂತೆ ಬಿದ್ದಿದ್ದ. ಬಾಯಿಂದ ಜೊಲ್ಲು ಸುರಿದು ಅತ್ತೆಯ ಸೀರೆ ಒದ್ದೆಯಾಗಿತ್ತು. ಹಿಂಗಾಲು ಆಗಾಗ ತಾನೇ ತಾನಾಗಿ ಸೆಟೆದು ಅದುರುತ್ತಿತ್ತು. ಕಿವಿಗೆ ಎರಡು ಸಲ ತಪ್ಪಿ ಚುಚ್ಚಿದೆ. ಐದು ಸೆಕೆಂಡು. ಈ ಸಲ ಯಾವ ದೇವರೂ ನೆನಪಾಗಲಿಲ್ಲ. ಪರದೆಯ ಮೇಲೆ ಅಂಕಿಯೇ ಬರಲಿಲ್ಲ, 'ಲೋ' ಎಂದು ಬಂತು. ಅಳೆಯುವುದಕ್ಕೂ ಆಗದಷ್ಟು ಕಡಿಮೆ.

ಡಾಕ್ಟರ್ ಶ್ರೀರಂಜಿನಿ ಮೊದಲ ರಿಂಗಿಗೇ ಎತ್ತಿದರು.

"ಸಕ್ಕರೆನೋ ಬೆಲ್ಲನೋ ಜೇನುತುಪ್ಪನೋ, ಪಾಕದ ಥರ ಮಾಡಿ ಒಸಡಿಗೆ ತಿಕ್ಕಿ. ಬಾಯಿಗೆ ಸುರೀಬೇಡಿ, ಉಸಿರು ಕಟ್ಟುತ್ತೆ. ಬೇಗ, ಈಗ್ಲೇ!"

ಡಬ್ಬಿಗಳಿಗೆ ಕೈ ಹಾಕಿದೆ. ಎಲ್ಲ ಖಾಲಿ. ನಾನೇ ಖಾಲಿ ಮಾಡಿದ್ದು, ತೊಳೆದು ಒಣಗಿಸಿ ಬೋರಲು ಹಾಕಿದ್ದು. ಚೀಲದಲ್ಲಿ ಓಆರ್‌ಎಸ್ ಪೊಟ್ಟಣ ಇದ್ದವು, ಚೀಲ ಸೊರಬದಲ್ಲಿತ್ತು. ದುರುಗಮ್ಮನ ಮನೆಗೆ ಓಡಿದೆ. ಬೀಗ. ಹಬ್ಬಕ್ಕೆ ಬಂದಿದ್ದ ಮಗಳನ್ನು ಬಿಡಲು ಹೋಗಿದ್ದರು. ಅದರಾಚೆಯ ಮನೆ ಗದ್ದೆ ದಾಟಿ. ಬೀಗವನ್ನು ಎರಡು ಕೈಯಲ್ಲಿ ಹಿಡಿದು ಎಳೆದೆ, ಒದ್ದೆ, ಬಾಗಿಲಿನ ಮುಂದೆ ನಿಂತು ಗೋಳೋ ಎಂದು ಅತ್ತುಬಿಟ್ಟೆ. ಒಂದು ಚಿಟಿಕೆ ಸಕ್ಕರೆ! ಊರಿನ ಶುಗರನ್ನೆಲ್ಲ ಇಳಿಸಲು ಹೊರಟವಳಿಗೆ ಒಂದು ಚಿಟಿಕೆ ಸಕ್ಕರೆ ಸಿಗಲಿಲ್ಲ.

"ಚೈತ್ರಾ! ಬಾರೇ ಇಲ್ಲಿ!"

ಓಡಿ ಬಂದೆ. ಅತ್ತೆ ನನ್ನ ಮುಖ ನೋಡಿದರು, ಬೆಕ್ಕಿನ ಮುಖ ನೋಡಿದರು. ಸೆರಗನ್ನು ಸೊಂಟದಿಂದ ಎಳೆದು ತುದಿಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಅಡಕೆ ಚೂರಿನ ಜೊತೆ ನಿಂಬೆಹಣ್ಣಿನಷ್ಟು ದಪ್ಪದ ಬೆಲ್ಲದ ಉಂಡೆ, ಒಂದು ಬದಿ ನೆಕ್ಕಿ ನುಣುಪಾದದ್ದು.

"ಆಮೇಲೆ ಬೈಯುವಂತಿ. ಮೊದ್ಲು ಇದನ್ನ ಕರಗ್ಸು."

ಬಿಸಿನೀರಿನಲ್ಲಿ ಕಲಸಿ, ಬೆರಳಿಗೆ ಹಚ್ಚಿಕೊಂಡು ಅವನ ಒಸಡಿಗೆ ತಿಕ್ಕಿದೆ. ಒಸಡು ತಣ್ಣಗಿತ್ತು. ತಿಕ್ಕಿದೆ, ಮತ್ತೆ ತಿಕ್ಕಿದೆ. ಅತ್ತೆ ಅವನ ತಲೆ ಎತ್ತಿ ಹಿಡಿದು, "ಏಳಪ್ಪ, ಬೆಕ್ಕು ಕೊಂದ ಪಾಪ ಹೊರಿಸಬ್ಯಾಡ. ಚಿನ್ನದ ಬೆಕ್ಕು ಮಾಡಿಸಿ ಕಾಶಿಗೆ ಹೋಗಾಕೆ ನಮ್ಮತ್ರ ಕಾಸಿಲ್ಲ, ನಂಗೆ ಕಾಲೂ ಇಲ್ಲ" ಎನ್ನುತ್ತಿದ್ದರು. ಅವರ ಕಣ್ಣೀರು ಬೆಕ್ಕಿನ ಮೇಲೆ ಬೀಳುತ್ತಿತ್ತು.

ಫೋನು ಕೆಳಗೆ ಬಿದ್ದೇ ಇತ್ತು, ಡಾಕ್ಟರು ಇನ್ನೂ ಲೈನಿನಲ್ಲಿದ್ದರು.

"ಬೆಳಗ್ಗೆ ಏನು ಕೊಟ್ರಿ?"

"ಕೋಳಿ ಮೇಡಂ. ಹೊಟ್ಟೆ ತುಂಬ ತಿಂದ."

"ನಿನ್ನೆ?"

ನಾನು ಅವನ ಒಸಡಿಗೆ ಮತ್ತಷ್ಟು ಬೆಲ್ಲ ತಿಕ್ಕಿದೆ.

"ಚೈತ್ರಾ ಅವ್ರೇ, ನಿನ್ನೆ ಏನು ಕೊಟ್ರಿ?"

"ಹಾಲು ಅನ್ನ."

"ಮೊನ್ನೆ?"

"ಹಾಲು ಅನ್ನ. ಶ್ರಾವಣ ಮೇಡಂ. ಐದು ವಾರದಿಂದ ಹಾಲು ಅನ್ನನೇ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಾಲ್ಕು ಯೂನಿಟ್ಟು ನಾನು ಕೊಟ್ಟಿದ್ದು ಆ ಅನ್ನಕ್ಕೆ" ಎಂದರು ಮೆಲ್ಲಗೆ. "ಮೀನು, ಕೋಳಿ ತಿನ್ನೋ ಬೆಕ್ಕಿಗೆ ಒಂದೇ ಸಾಕಿತ್ತು. ಪ್ರತಿ ವಾರ ಕೇಳಿದ್ನಲ್ಲ ನಾನು."

ಹತ್ತು ನಿಮಿಷಕ್ಕೆ ಮೂವತ್ತನಾಲ್ಕು. ಅರ್ಧ ಗಂಟೆಗೆ ಎಪ್ಪತ್ತೊಂದು. ಸಾವ್ಕಾರ ತಲೆ ಎತ್ತಿದ, ಬೆರಳು ನೆಕ್ಕಿದ. ಡಾಕ್ಟರು ಹೇಳಿದಂತೆ ಸಂಜೆಯವರೆಗೆ ಅರ್ಧರ್ಧ ಗಂಟೆಗೆ ಚುಚ್ಚಿ ನೋಡುತ್ತ, ಸ್ವಲ್ಪ ಸ್ವಲ್ಪ ಉಣಿಸುತ್ತ ಕುಳಿತೆ. ಸಂಜೆಯ ಸೂಜಿ ಬೇಡ ಎಂದರು. ಎರಡೂ ಕಿವಿಯಂಚು ಚುಚ್ಚಿ ಚುಚ್ಚಿ ಕೆಂಪಾಗಿತ್ತು. ಅಂಕಿ ನೂರು ದಾಟಿತು. ಅವನು ಎದ್ದು ನಡೆದ, ನಾಲ್ಕು ಹೆಜ್ಜೆ. ಗೋಡೆಗೆ ತಲೆ ಡಿಕ್ಕಿ ಹೊಡೆದ. ಹಿಂದೆ ಸರಿದು ಮತ್ತೆ ಅದೇ ಗೋಡೆಗೆ ಹೊಡೆದ. ಅವನ ಕಣ್ಣೆದುರು ಕೈ ಆಡಿಸಿದೆ, ರೆಪ್ಪೆ ಅಲುಗಲಿಲ್ಲ. ಫೋನಿನಲ್ಲಿ ಡಾಕ್ಟರು, ಶುಗರ್ ತೀರಾ ಬಿದ್ದಾಗ ಹೀಗಾಗುತ್ತದೆ, ನಾಲ್ಕು ದಿನದಲ್ಲಿ ಕಣ್ಣು ಬಂದರೂ ಬಂದೀತು, ಬಾರದೆಯೂ ಇದ್ದೀತು ಎಂದರು.

ಅತ್ತೆ ಎಲ್ಲ ನೋಡುತ್ತಿದ್ದರು.

"ಕಣ್ಣು ಹೋತು" ಎಂದರು. "ನೋಡಿದ್ಯಾ ಸೂಜಿ ಏನ್ ಮಾಡ್ತು? ನಿಮ್ ಮಾವನಿಗೆ ಎಂಟು ದಿನ ಕೊಟ್ಟಿತ್ತು, ಇದಕ್ಕೆ ಹಬ್ಬ ದಾಟಿದ ಮಾರನೇ ದಿನಾನೇ ಬಡೀತು. ನಾಳೆ ನಾನು ಬರಾದಿಲ್ಲ. ಬೆರಳು ಹೋಗ್ಲಿ, ಕಾಲು ಹೋಗ್ಲಿ, ನನ್ನನ್ನ ಸೂಜಿಗೆ ಕರೀಬ್ಯಾಡ."

ಹೌದು ಎಂದುಬಿಡಬಹುದಿತ್ತು. ಎಲ್ಲ ತಪ್ಪೂ ಸೂಜಿಯದು ಎಂದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಅತ್ತೆಯ ಕಾಲು ಉಳಿಯುತ್ತಿರಲಿಲ್ಲ. ಅವರ ಮುಂದೆ ನೆಲದ ಮೇಲೆ ಕುಳಿತೆ.

"ಸೂಜಿ ಅಲ್ಲ ಅತ್ತೆ. ನಾನು."

"ಏನು ನೀನು?"

"ಶ್ರಾವಣದಲ್ಲಿ ಅದಕ್ಕೆ ಅನ್ನ ಹಾಕಿ, ಹಾಕಿಲ್ಲ ಅಂತ ಡಾಕ್ಟರಿಗೆ ಸುಳ್ಳು ಹೇಳಿದೆ. ಒಂದು ಸಲ ಅಲ್ಲ, ಮೂರು ಸಲ. ಅವ್ರು ನನ್ನ ಸುಳ್ಳಿಗೆ ಔಷಧಿ ಬರ್ದು ಕೊಟ್ರು. ಇವತ್ತು ಶ್ರಾವಣ ಮುಗೀತು ಅಂತ ಕೋಳಿ ಹಾಕಿದೆ, ಸೂಜಿ ಮಾತ್ರ ಸುಳ್ಳಿನ ಲೆಕ್ಕದ್ದೇ ಚುಚ್ಚಿದೆ. ಇದರ ಕಣ್ಣು ತೆಗೆದೋಳು ನಾನು. ಬೈಯಿರಿ, ಹೊಡೀರಿ. ಸೂಜಿ ಮೇಲೆ ಹಾಕ್ಬೇಡಿ."

ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅವರ ಕಾಲು ಹಿಡಿದುಕೊಂಡಿದ್ದೆ, ಹಿಡಿದದ್ದು ಕಪ್ಪು ಬೆರಳಿನ ಕಾಲು ಎಂದು ಆಮೇಲೆ ತಿಳಿಯಿತು. ನೋವಾಗಿರಬೇಕು, ಅವರು ಎಳೆದುಕೊಳ್ಳಲಿಲ್ಲ. ಬೈಯಲೂ ಇಲ್ಲ. ಸೆರಗಿನ ಬಿಚ್ಚಿದ ತುದಿಯನ್ನು ಸುತ್ತುತ್ತ, ಬಿಡಿಸುತ್ತ ಕುಳಿತರು. ನಾಗೇಶ್ ಬಂದ, ಉಂಡ, ಏನಾಯಿತು ಎಂದು ಕೇಳಿದ. ನಾನು ಅವನ ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದೆ.

ಸೋಮವಾರ ನನಗೆ ಎಚ್ಚರವಾದದ್ದು ಅಡುಗೆಮನೆಯ ಸದ್ದಿಗೆ. ಬೆಳಕಾಗಿತ್ತು. ಸೋಮವಾರ ಅತ್ತೆಗೆ ವಾರ, ಒಪ್ಪತ್ತು. ನಾನು ಮದುವೆಯಾಗಿ ಬಂದ ಲಾಗಾಯ್ತಿನಿಂದ ಆ ದಿನ ಅವರು ಮೊಟ್ಟೆ ಇಟ್ಟ ಬುಟ್ಟಿ ಸಹ ದಾಟುವುದಿಲ್ಲ. ಎದ್ದು ಹೋಗಿ ನೋಡಿದರೆ ಒಲೆಯ ಮೇಲೆ ಅವರದೇ ಪಾತ್ರೆಯಲ್ಲಿ ಎರಡು ಮೊಟ್ಟೆ ಕುದಿಯುತ್ತಿದ್ದವು. ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಸೌಟಿನಿಂದ ಮೊಟ್ಟೆ ತಿರುವುತ್ತ ನಿಂತಿದ್ದರು.

"ಅತ್ತೆ, ಇವತ್ತು ಸೋಮಾರ."

"ಗೊತ್ತು. ವಾರ ನಂಗೆ. ಅದಕ್ಕಲ್ಲ."

ಸುಲಿದು, ಪುಡಿ ಮಾಡಿ, ತಟ್ಟೆಗೆ ಹಾಕಿ ನೆಲದ ಮೇಲಿಟ್ಟು ತಟ್ಟೆಯನ್ನು ಬೆರಳಿನಿಂದ ಟಕಟಕ ಬಡಿದರು. ಸಾವ್ಕಾರ ಮೂಲೆಯಿಂದ ಮೂಗು ಎತ್ತಿ, ಬಾಗಿಲಿಗೊಮ್ಮೆ ತಾಗಿ, ಕಂಬಕ್ಕೊಮ್ಮೆ ತಾಗಿ ಬಂದ. ತಟ್ಟೆಗೂ ಹಣೆ ಬಡಿದುಕೊಂಡ. ಆಮೇಲೆ ತಿಂದ. ನಾನು ಮೀಟರಿಗೆ ಸ್ಟ್ರಿಪ್ ಸಿಕ್ಕಿಸಿ ಅವನ ಕಿವಿಗೆ ಚುಚ್ಚಿದೆ. ಡಾಕ್ಟರಿಗೆ ಫೋನು ಮಾಡಿ, ಅಂಕಿ ಹೇಳಿ, ಮೊಟ್ಟೆ ಹಾಕಿದ್ದೇವೆ, ಎರಡು, ಬೇರೇನೂ ಇಲ್ಲ ಎಂದೆ. ಅರ್ಧ ಯೂನಿಟ್ಟು ಎಂದರು. ನಾನು ಚುಚ್ಚುವಾಗ ಅತ್ತೆ ಮುಖ ತಿರುಗಿಸಲಿಲ್ಲ.

"ಬಸ್ಸು ಎಷ್ಟೊತ್ತಿಗೆ?"

"ಒಂಬತ್ತಕ್ಕೆ."

"ಅಲ್ಲಿ ಡಾಕ್ಟ್ರು ಕೇಳ್ತಾರೆ ಏನು ತಿಂದೆ ಅಂತ. ನಂಗೆ ಅವರ ಮುಂದೆ ಬಾಯಿ ಬರಾದಿಲ್ಲ. ನೀನು ಬರ್ಕೋ. ಓದು ಅಲ್ಲಿ."

ಡೈರಿ ತಂದು ಅವರ ಎದುರು ಕುಳಿತೆ. ಅತ್ತೆ ಕಾಲು ಚಾಚಿ, ಕಪ್ಪು ಬೆರಳನ್ನು ಒಮ್ಮೆ ನೋಡಿಕೊಂಡರು.

"ಶ್ರಾವಣದ ಮೊದಲ್ನೇ ಸೋಮಾರ. ದುರುಗಮ್ಮನ ಮನೇಲಿ ಹೋಳಿಗೆ. ಎರಡು."

ನಾನು ಬರೆಯದೆ ಅವರ ಮುಖ ನೋಡಿದೆ. ಅವರು ನನ್ನ ತೊಡೆಯ ಮೇಲಿದ್ದ ಬೆಕ್ಕಿನ ಮುಖ ನೋಡಿದರು.

"ಐದು" ಎಂದರು. "ಐದು ಅಂತ ಬರ್ಕೋ."